ಏಡಿ ಆಗದ ಅಲರ್ಜಿ ಡಾಕ್ಟ್ರು

ಮೂಡಿಗೆರೆ ಕಡೆ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡು ಬಹಳ ವರ್ಷವಾಯಿತು. ರೋಗಿಗಳು ಬರದ ದಿನ ಇದ್ದೀತು, ನಾನು ನಗೆಪಾಟಲಾಗದ ತಿಂಗಳಿಲ್ಲ. ಅಲರ್ಜಿ ಚಿಕಿತ್ಸೆಯ ಕೋರ್ಸೊಂದು ಮುಗಿಸಿ, ಅದನ್ನು ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಿದ ಮೇಲಂತೂ ಇದು ಇನ್ನೂ ಜಾಸ್ತಿಯಾಗಿದೆ.

ಮೊದಲೇ ಒಂದು ಗುಟ್ಟು ಹೇಳಿಬಿಡುತ್ತೇನೆ. ಊರಿಗೆಲ್ಲ ಅಲರ್ಜಿ ಡಾಕ್ಟರಾದ ನನಗೇ ಏಡಿ ಆಗುವುದಿಲ್ಲ. ತಿಂದರೆ ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ಮಳೆ ಹಿಡಿದರೆ ಮನೆಮನೆಯಲ್ಲೂ ಏಡಿ ಸಾರು ಕುದಿಯುವ ಸೀಮೆ ಇದು. 'ತನ್ನದೇ ವಾಸಿ ಮಾಡ್ಕೊಳ್ಳಕ್ಕಾಗದವ್ರು ನಮ್ಮದೆಂತ ಮಾಡ್ತಾರೆ' ಎಂದು ಜನ ಬೇರೆ ಡಾಕ್ಟರ ಕಡೆ ತಿರುಗಿಬಿಟ್ಟರೆ ಎಂಬ ಭಯಕ್ಕೆ ಇದನ್ನು ಯಾರಿಗೂ ಹೇಳಿರಲಿಲ್ಲ.

೧. ಆಂಟಿಬಾಡಿ ಊಟ

ಮೈ ತುರಿಕೆ ಎಂದು ಒಬ್ಬ ಪ್ಲಾಂಟರ್ ಬಂದರು. ರಕ್ತ ಪರೀಕ್ಷೆ ಮಾಡಿಸಿದೆ. ರಿಪೋರ್ಟ್ ನೋಡಿ, "ಐಜಿಇ ಅಂತ ಒಂದು ಆಂಟಿಬಾಡಿ ಇದೆ, ನಿಮಗೆ ಅದು ಬೇರೆಯವರಿಗಿಂತ ತುಂಬಾ ಜಾಸ್ತಿ ಇದೆ" ಎಂದೆ. ಮುಂದಿನ ಮಾತು ಕೇಳಲು ಅವರು ಕುರ್ಚಿಯಲ್ಲೇ ಇರಲಿಲ್ಲ.

ಸಂಜೆ ಅವರ ಮನೆಯಲ್ಲಿ ಊಟಕ್ಕೆ ಕರೆ. ಕಡುಬು, ಕೋಳಿ ಸಾರು, ನೆಂಟರಿಷ್ಟರೆಲ್ಲ ಸೇರಿದ್ದರು. ಕೊಟ್ಟದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಮೂರನೇ ಕಡುಬು ಮುಗಿಸಿ, "ಏನು ವಿಶೇಷ ಸಾಹುಕಾರ್ರೇ?" ಎಂದು ಕೇಳಿದೆ.

"ನೀವೇ ಹೇಳಿದ್ರಲ್ಲ, ನನ್ನ ಆಂಟಿಬಾಡಿ ಊರಲ್ಲೇ ಜಾಸ್ತಿ ಅಂತ!"

ತಪ್ಪು ಅವರದಲ್ಲ. ಕೊರೊನಾ ಕಾಲದಲ್ಲಿ ಜೀಪಿಗೆ ಮೈಕು ಕಟ್ಟಿಕೊಂಡು, ಆಂಟಿಬಾಡಿ ಇದ್ದವನೇ ಗೆದ್ದವನು ಎಂದು ಊರೂರು ಸಾರಿದವನು ನಾನೇ. ಎಲ್ಲ ಆಂಟಿಬಾಡಿಯೂ ಒಂದೇ ಥರದ್ದಲ್ಲ, ಈ ಐಜಿಇ ಹೆಚ್ಚಾಗುವುದು ಅಲರ್ಜಿ ಇದ್ದಾಗ ಇಲ್ಲವೇ ಹೊಟ್ಟೆಯಲ್ಲಿ ಹುಳ ಇದ್ದಾಗ ಎಂದು ಅಲ್ಲಿ ಹೇಳದೆ, ನಾಲ್ಕನೇ ಕಡುಬಿಗೆ ತಟ್ಟೆ ಒಡ್ಡಿದೆ. ಮಾರನೇ ದಿನ ಕರೆಸಿ, ಪರೀಕ್ಷೆ ಮಾಡಿಸಿ, ಜಂತುಹುಳದ ಮಾತ್ರೆ ಕೊಟ್ಟೆ. ಆರು ತಿಂಗಳ ಮೇಲೆ ಹೊಸ ರಿಪೋರ್ಟ್ ಹಿಡಿದುಕೊಂಡು ಸಿಟ್ಟಿನಿಂದ ಬಂದರು.

"ತುರಿಕೆ ಹೋಯ್ತು, ಸರಿ. ನನ್ನ ಆಂಟಿಬಾಡಿ ಎಲ್ಲ ಹೋಯ್ತಲ್ಲ ಡಾಕ್ಟ್ರೇ, ಊಟಕ್ಕೆ ಬಂದವ್ರಿಗೆಲ್ಲ ಎಂತ ಹೇಳ್ಲಿ?"

೨. ಬರೀ ಸಾರು

ನನ್ನ ಹಾಗೇ ಏಡಿ ಆಗದ ಹೆಂಗಸೊಬ್ಬರಿಗೆ ಏಡಿ ಮುಟ್ಟಲೇಬೇಡಿ ಎಂದು ಖಡಕ್ಕಾಗಿ ಹೇಳಿ ಕಳಿಸಿದ್ದೆ. ವಾರಕ್ಕೆ ಮುಖ ಕುಂಬಳಕಾಯಿ ಮಾಡಿಕೊಂಡು ಬಂದರು.

"ಏಡಿ ತಿಂದ್ರಾ?"

"ದೇವ್ರಾಣೆ ಇಲ್ಲ ಡಾಕ್ಟ್ರೇ. ಬರೀ ಸಾರು."

ಪ್ರತಿಕಾಯಗಳಿಗೆ, ಅಂದರೆ ಅದೇ ಆಂಟಿಬಾಡಿಗಳಿಗೆ, ಏಡಿಯ ಕಾಲು, ಕೊಂಬು ಬೇಕಾಗಿಲ್ಲ. ಸಾರಿಗಿಳಿದ ಚೂರು ಪ್ರೋಟೀನ್ ಸಾಕು, ಗುರುತು ಹಿಡಿದು ರಂಪ ಎಬ್ಬಿಸುತ್ತವೆ ಎಂದು ಕಾಲು ಗಂಟೆ ಪಾಠ ಮಾಡಿದೆ. ಅವರು ಶ್ರದ್ಧೆಯಿಂದ ಕೇಳಿ, ಬಾಗಿಲ ತನಕ ಹೋಗಿ, ತಿರುಗಿ ನಿಂತರು.

"ಹಂಗಾದ್ರೆ ಸಾರು ಬಿಟ್ಟು, ಬರೀ ಏಡಿ ತಿನ್ಬಹುದಾ?"

೩. ನನ್ನ ವ್ರತಗಳು

ರೋಗಿಗಳ ಮುಂದೆ ಇಷ್ಟು ಮಾತಾಡುವ ನಾನು, ಯಾರಾದರೂ ಏಡಿ ಊಟಕ್ಕೆ ಕರೆದರೆ ಮಾತ್ರ ಸುಳ್ಳಿನ ಸರದಾರ. "ಇವತ್ತು ಸೋಮವಾರ, ತಿನ್ನಲ್ಲ" ಎಂದೆ. ಮಂಗಳವಾರಕ್ಕೆ ಕರೆದರು; ಸಂಕಷ್ಟಿ ಎಂದೆ. ಗುರುವಾರ, ಶನಿವಾರ, ಆಮೇಲೆ ಇಡೀ ಶ್ರಾವಣ. ಹೀಗೆ ಎರಡು ಮಳೆಗಾಲ ದಾಟಿಸಿದೆ. ಕೊನೆಗೊಂದು ದಿನ ನಾಲ್ಕು ಮಂದಿ ಹಿರಿಯರು ಹಣ್ಣುಕಾಯಿ ಹಿಡಿದು ಬಂದರು. ನನ್ನಷ್ಟು ದೈವಭಕ್ತ ತಾಲ್ಲೂಕಿನಲ್ಲೇ ಇಲ್ಲವಂತೆ, ದೇವಸ್ಥಾನದ ಸಮಿತಿಗೆ ನಾನೇ ಅಧ್ಯಕ್ಷನಾಗಬೇಕಂತೆ. ಆಗಿದ್ದೇನೆ ಕೂಡ!

೪. ಪ್ರಾತ್ಯಕ್ಷಿಕೆ

ಹೋದ ವರ್ಷ ಆಲ್ದೂರು ಕಡೆಯ ಎಸ್ಟೇಟೊಂದರಲ್ಲಿ ಕೆಲಸಗಾರರಿಗೆ ಆಹಾರದ ಅಲರ್ಜಿಯ ಬಗ್ಗೆ ಭಾಷಣ ಮಾಡಲು ಕರೆದಿದ್ದರು. ಕ್ಲಿನಿಕ್ಕಿನ ಸಿಸ್ಟರ್ ಜೊತೆಗಿದ್ದರು. ಪ್ರಾಣಕ್ಕೆ ಬಂದಾಗ ತೊಡೆಗೆ ಇಂಜೆಕ್ಷನ್ ಹೇಗೆ ಕೊಡುವುದು ಎಂದು ತೋರಿಸಲು ಔಷಧಿ, ಸಿರಿಂಜು, ತೊಡೆಯ ಬದಲಿಗೆ ಒಂದು ದಿಂಬು ತಂದಿದ್ದೆವು.

ಭಾಷಣಕ್ಕೆ ಮೊದಲು ಬಂಗಲೆಯಲ್ಲಿ ತಿಂಡಿ. ಅಕ್ಕಿರೊಟ್ಟಿ, ಜೊತೆಗೆ ಚಗಳಿ ಚಟ್ನಿ. ಮರದೆಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯನ್ನು ಹುರಿದು, ಮೆಣಸು ಬೆಳ್ಳುಳ್ಳಿ ಹಾಕಿ ಅರೆದದ್ದು. ನಾನು ಅದುವರೆಗೆ ತಿಂದಿರಲಿಲ್ಲ. ಆ ಎಸ್ಟೇಟಿನ ಸಾಹುಕಾರರ ವಯಸ್ಸಾದ ತಾಯಿ ಬಡಿಸುತ್ತಾ, "ಏಡಿ ಆಗ್ದೇ ಇರೋ ಕೆಲವ್ರಿಗೆ ಇದೂ ಆಗಲ್ಲ, ನೋಡ್ಕೊಂಡು ತಿನ್ನಿ" ಎಂದರು.

ಗುಟ್ಟು ಬಯಲಾಯಿತೇನೋ ಎಂದು ಗಾಬರಿಯಾಯಿತು. "ಏಡಿ ಹೊಳೇಲಿ, ಚಗಳಿ ಮರದಲ್ಲಿ. ಎಲ್ಲಿಂದೆಲ್ಲಿಯ ಸಂಬಂಧ ಅಮ್ಮಾ!" ಎಂದು ನಕ್ಕು, ಇನ್ನೊಂದು ಚಮಚ ಹಾಕಿಸಿಕೊಂಡೆ. ಏಡಿಯ ಪ್ರೋಟೀನಿಗೂ ಇರುವೆಯ ಪ್ರೋಟೀನಿಗೂ ನೆಂಟಸ್ತಿಕೆ ಇದೆ ಎಂದು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಮಾರ್ಕೂ ತೆಗೆದಿದ್ದೆ. ನಾನು ಮರೆತಿದ್ದೆ. ನನ್ನ ಪ್ರತಿಕಾಯಗಳು ಮರೆತಿರಲಿಲ್ಲ.

ಕಾಫಿ ಒಣಗಿಸುವ ಕಣದಲ್ಲಿ ಜನ ಕೂತಿದ್ದರು. "ಈ ಪ್ರತಿಕಾಯಗಳು ಮೈಯೊಳಗೆ ಕೆಲವು ಜೀವಕೋಶಗಳ ಮೇಲೆ ಕೂತು ಕಾಯ್ತಿರ್ತವೆ. ಆಗದ ಆಹಾರ ಬಂತೋ, ಆ ಜೀವಕೋಶಗಳು ಒಳಗಿದ್ದ ರಾಸಾಯನಿಕವನ್ನೆಲ್ಲ ಸುರೀತವೆ. ಮೊದಲು ಅಂಗೈ ತುರಿಸುತ್ತೆ" ಎಂದು ಅಂಗೈ ತುರಿಸಿಕೊಂಡೆ. ನಿಜವಾಗಿ ತುರಿಸುತ್ತಿತ್ತು. "ಆಮೇಲೆ ತುಟಿ ಊದುತ್ತೆ" ಎನ್ನುವಾಗ ಮಾತು ತೊದಲಿತು. ಸಭೆ ಗೊಳ್ಳೆಂದು ನಕ್ಕಿತು.

"ಎಂಥ ಆಕ್ಟಿಂಗ್ ಮಾರಾಯ! ತುಟಿ ಹೆಂಗೆ ಊದಿಸ್ತಾರೆ ನೋಡು" ಎಂದರು ಮುಂದೆ ಕೂತ ಮೇಸ್ತ್ರಿ.

ಗಂಟಲು ಬಿಗಿಯತೊಡಗಿತು. ನನಗೆ ನಿಜಕ್ಕೂ ಜೀವಭಯ ಹತ್ತಿತು. ಕತ್ತು ಹಿಡಿದುಕೊಂಡು ಮೊಣಕಾಲೂರಿದೆ. ಚಪ್ಪಾಳೆ ಬಿತ್ತು. ಸಿಸ್ಟರ್ ಕಡೆ ತಿರುಗಿ ತೊಡೆ ತಟ್ಟಿ ತೋರಿಸಿದೆ. ಅವರು ತಮ್ಮ ಸರದಿ ಬಂತೆಂದು ಎದ್ದು, ಔಷಧಿ ತುಂಬಿಸಿ, ಶಿಸ್ತಾಗಿ ದಿಂಬನ್ನು ಎತ್ತಿ ಹಿಡಿದರು. ನಾನು ತೊಡೆ ತೋರಿಸಿದರೆ ಅವರು ದಿಂಬು ತೋರಿಸುತ್ತಾರೆ. ದಿಂಬು ಕಿತ್ತು ಎಸೆದೆ. ಮತ್ತೆ ಚಪ್ಪಾಳೆ.

ಕಡೆಗೆ ಆ ತಾಯಿಯೇ ಎದ್ದು ನಿಂತು ಕೂಗಿದರು. "ನಾಟಕಕ್ಕೆ ಕಣ್ಣು ಊದಿ ಹಂಗೆ ಮುಚ್ಚಿಹೋಗಲ್ಲ! ಬೆಳಿಗ್ಗೆ ನಾಲ್ಕು ಚಮಚ ಚಗಳಿ ತಿಂದಿದ್ದಾರೆ. ಚುಚ್ಚಮ್ಮಾ ಅವ್ರಿಗೇ!"

ಸಿಸ್ಟರ್ ಪ್ಯಾಂಟಿನ ಮೇಲಿಂದಲೇ ಚುಚ್ಚಿದರು. ನನ್ನ ಕಾಲನ್ನು ಕಾಫಿ ಮೂಟೆಯ ಮೇಲೆ ಎತ್ತಿಟ್ಟು ಮಲಗಿಸಿದರು. ಐದು ಹತ್ತು ನಿಮಿಷಕ್ಕೆ ಉಸಿರು ಬಂತು. ಆ ತಾಯಿಯ ಕೈ ಹಿಡಿದುಕೊಂಡು, ಏಡಿಯ ವಿಷಯವನ್ನೆಲ್ಲ ಇಡೀ ಕಣದ ಮುಂದೆ ಒಪ್ಪಿಕೊಂಡೆ. ಆಮೇಲೆ ಚಿಕ್ಕಮಗಳೂರಿಗೆ ಸಾಗಿಸಿ ಒಂದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಇನ್ನು ನನ್ನ ಕ್ಲಿನಿಕ್ಕಿಗೆ ಯಾರು ಬರುತ್ತಾರೆ ಎಂದು ಯೋಚಿಸುತ್ತಾ ಮಲಗಿದ್ದಾಗ ಜಾವಳಿ ಕಡೆಯ ಪ್ಲಾಂಟರೊಬ್ಬರ ಫೋನ್ ಬಂತು.

"ಡಾಕ್ಟ್ರೇ, ನಿಮ್ಮ ಪ್ರೋಗ್ರಾಂ ಭಾರಿ ಆಯ್ತಂತೆ. ನಮ್ಮ ಎಸ್ಟೇಟಲ್ಲೂ ಒಂದು ಮಾಡ್ಬೇಕು. ದಿಂಬು ತರೋದು ಬೇಡ. ಚಟ್ನಿ ನಾವೇ ಮಾಡಿಸ್ತೀವಿ."