ಅತ್ತೆ ಹಾಕಿದ ಗ್ರೇಡು

ನಮ್ಮ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ಬೆಲ್ಲದ ಬಣ್ಣದ್ದು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಬಿಸಿಗೂಡಿನಲ್ಲಿ ಒಣಗಿಸಿ ಬೇಯಿಸುವ ಮನೆಗಳಲ್ಲಿ ಇಂಥ ಉಗುರು ಅಪರೂಪವಲ್ಲ. ಆದರೆ ಆ ಉಗುರಿನಿಂದ ಇಡೀ ಪ್ರಪಂಚವನ್ನೇ ವಿಂಗಡಿಸುವವರು ನಮ್ಮತ್ತೆ ಒಬ್ಬರೇ!

ಅವರ ಇಂಗ್ಲಿಷೆಲ್ಲ ಸೊಪ್ಪಿನ ಹರಾಜಿನಲ್ಲಿ ಕಲಿತ ಒಂದು ಪದ: ಗ್ರೇಡು. ಅದಕ್ಕೆ ಬ್ರೈಟು, ಮೀಡಿಯಂ, ಲೋ ಎಂಬ ಮೂರು ಬಾಲ. ಸೊಪ್ಪಿನ ಬಣ್ಣ ಗ್ರೇಡು, ಮನುಷ್ಯರ ನಡತೆ ಗ್ರೇಡು, ಜ್ವರ ಎಷ್ಟಿದೆ ಎನ್ನುವುದೂ ಗ್ರೇಡೇ. ಹುಣಸೂರಿನ ಬಸ್ಸು ಲೋ ಗ್ರೇಡು. ಪಕ್ಕದ ಮನೆಯ ಸಾರು? "ಒಗ್ಗರಣೆ ಬ್ರೈಟು, ಬೇಳೆ ಲೋ ಗ್ರೇಡು ಕಣವ್ವ." ನನ್ನ ಎಂ.ಎ. ಅಂಕಪಟ್ಟಿಯ ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, "ಕಾಗ್ದ ಒಳ್ಳೆ ಗ್ರೇಡು" ಎಂದರು. ಒಳಗೆ ಬರೆದದ್ದು ಯಾರಿಗೆ ಬೇಕು!

ಅದೇ ವರ್ಷ ಕೆ.ಆರ್. ನಗರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟು, "ನಮ್ಮನೆ ಸೊಸೇರು ಕೆಲ್ಸಕ್ಕೆ ಓಗಕಿಲ್ಲ ಕಣ್ರೀ" ಎಂದರು. ಎಚ್.ಡಿ. ಕೋಟೆಯ ಕಾಲೇಜಿನ ಕೆಲಸದ ಆದೇಶ ನನ್ನ ಪೆಟ್ಟಿಗೆಯಲ್ಲಿತ್ತು, ಸೋಮವಾರ ಹಾಜರಾಗಬೇಕು. ನಾನು ಲೋಟ ಎತ್ತಿಕೊಂಡು ಒಳಗೆ ಹೋಗಿ ಕೋಣೆ ಸೇರಿದೆ. ಸಿಟ್ಟು ಬಂದರೆ ಮಾತು ನಿಂತುಹೋಗುವುದು ನನ್ನ ಹಳೆಯ ಕಾಯಿಲೆ.

ಅವರು ಹೊರಟ ಮೇಲೆ ಅಪ್ಪ, "ಅಕ್ಕಾ, ಹುಡ್ಗ ಯಾವ ಗ್ರೇಡು?" ಎಂದು ಕೇಳಿದರು.

"ಮೀಡಿಯಂ. ಅವರವ್ವ ಲೋ. ಎಲೆ ನರ ದಪ್ಪ, ಬಗ್ಗಕಿಲ್ಲ."

"ನಮ್ಮುಡ್ಗಿ ಏನಂತದೆ? ಕೇಳ್ಲಾ?"

ಬೆಂದು ಗರಿಗರಿಯಾದ ಸೊಪ್ಪನ್ನು ಅತ್ತೆ ಯಾರಿಗೂ ಮುಟ್ಟಲು ಬಿಡುವವರಲ್ಲ. ಮುಟ್ಟಿದರೆ ಪುಡಿ. ಇಬ್ಬನಿ ಕುಡಿದು ಮೆತ್ತಗಾದ ಮೇಲೆಯೇ ವಿಂಗಡಣೆ.

"ಈಗ ಅದ್ನ ಮುಟ್ಬ್ಯಾಡ ಬುಡ್ಲಾ. ತಂಪಾಗ್ಲಿ, ಅದೇ ಬಾಯ್ಬುಟ್ಟು ಯೋಳ್ತದೆ" ಎಂದವರು ಬಂದು ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತರು. ಹೊಸ್ತಿಲ ಮೇಲೆ ಕೂತವರನ್ನು ಜೀವಮಾನವಿಡೀ ಬೈದವರು! ಬುದ್ಧಿ ಹೇಳಲು ಬಂದ ಅಮ್ಮನನ್ನೂ ಒಳಗೆ ಬಿಡಲಿಲ್ಲ. ಜಗತ್ತಿನಲ್ಲಿ ಅವರು ಗ್ರೇಡು ಹಾಕದೆ ಬಿಟ್ಟದ್ದು ನನ್ನೊಬ್ಬಳಿಗೇ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ, ಹಲ್ಲುಜ್ಜುತ್ತಿದ್ದ ಅಪ್ಪನಿಗೆ, "ಈ ಸಂಬಂಧ ಬೇಡಪ್ಪ. ಸೋಮವಾರ ಕೋಟೆಗೆ ಹೋಗ್ತೀನಿ" ಎಂದೆ. ಆಮೇಲೆ ಅತ್ತೆಯ ಪಕ್ಕ ಕೂತು, ಮೆತ್ತಗಾಗಿದ್ದ ಸೊಪ್ಪನ್ನು ಒಂದೊಂದಾಗಿ ಬಿಡಿಸಿ ಅವರ ಕೈಗೆ ಕೊಟ್ಟೆ.