ಮುಂದಿನ ಸಾಲಿಗೆ ಹೊಸ ಬಂಪರ್

ನನ್ನ ಗಂಡ ಹೋಗಿ ಏಳು ತಿಂಗಳಾಯಿತು. ಕಾರು ಇನ್ನೂ ಇದೆ. ಅದೇ ನನ್ನ ದೂರು. ಹೋಗುವವರು ಅದನ್ನೂ ಜೊತೆಗೆ ಕರೆದುಕೊಂಡು ಹೋಗಬಹುದಿತ್ತು. ಇದ್ದಾಗ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿದ್ದವರಲ್ಲ.

ಆ ಕಾರಿನಿಂದ ನನಗಾದ ಅವಮಾನದ ಸುದ್ದಿಯನ್ನು ನನ್ನ ನಾದಿನಿ ಈಗಾಗಲೇ ಬೀದಿಗೆಲ್ಲ ಹಂಚಿದ್ದಾಳೆ. ಅವಳು ಒಂದಕ್ಕೆ ನಾಲ್ಕು ಸೇರಿಸುತ್ತಾಳೆ. ಆದ್ದರಿಂದ ಇದ್ದದ್ದನ್ನು ನಾನೇ ಹೇಳಿಬಿಡುತ್ತೇನೆ.

ಕಾರು ನನಗಿಂತ ಎರಡು ವರ್ಷ ದೊಡ್ಡದು. ಬೆಣ್ಣೆಯ ಬಣ್ಣ, ದುಂಡು ಮುಖ, ದೊಡ್ಡ ಕಣ್ಣಿನಂಥ ಎರಡು ದೀಪ. ನೋಡಿದರೆ ಮುದ್ದು ಬರಬೇಕು. ಬರುತ್ತಿರಲಿಲ್ಲ. ಆ ಮುಖದ ಕೆಳಗೆ ಒಂದು ಕರೀ ಬಂಪರ್ ಇತ್ತು. ನಮ್ಮವರು ಕಾರು ಕೊಂಡಾಗ ಅದಕ್ಕೆ ಬಂಪರೇ ಇರಲಿಲ್ಲವಂತೆ. ಯಾವುದೋ ಸಾಮಾನು ಸಾಗಿಸುವ ವ್ಯಾನಿನದು ಸಿಕ್ಕಿತು, ತಂದು ಬಿಗಿದರು. ದಪ್ಪ, ಅಗಲ, ಎರಡು ತುದಿಯೂ ಮೇಲಕ್ಕೆ ತಿರುವಿದ್ದು. ಹಾಲುಗಲ್ಲದ ಹುಡುಗಿಗೆ ಹವಾಲ್ದಾರನ ಮೀಸೆ ಅಂಟಿಸಿದ ಹಾಗೆ. (ಹಿಂದೆಯೂ ಅಂಥದ್ದೇ ಒಂದಿತ್ತು. ಅದಕ್ಕೆ ಹೋಲಿಕೆ ಹುಡುಕುವುದು ಮರ್ಯಾದೆಯಲ್ಲ.)

ವರ್ಷಕ್ಕೊಮ್ಮೆ ಊರ ಹೊರಗಿನ ಮೈದಾನದಲ್ಲಿ ಹಳೇ ಕಾರುಗಳ ಪ್ರದರ್ಶನ ಆಗುತ್ತದೆ. ಕಾರ್ಖಾನೆಯಿಂದ ಹೇಗೆ ಹೊರಬಂದಿತ್ತೋ ಹಾಗೇ ಇರುವ ಕಾರುಗಳಿಗೆ ಮುಂದಿನ ಸಾಲು, ಮೇಲೆ ನೆರಳು, ಮೈಕು, ಬಹುಮಾನ. ಒಂದು ಭಾಗ ಬೇರೆಯದಾದರೂ ಸಾಕು, ಹಿಂದಿನ ಸಾಲು. ಹಿಂದಿನ ಸಾಲು ಎಂದರೆ ಕಕ್ಕಸಿನ ಪಕ್ಕ. ನಮ್ಮವರು ಹನ್ನೆರಡು ವರ್ಷ ಅಲ್ಲಿ ನಿಂತರು. ಮೂಗು ಹಿಡಿದುಕೊಂಡು ಬರುವವರಿಗೆ ನಗುನಗುತ್ತಾ ಇಂಜಿನ್ ತೋರಿಸಿದರು. ಪ್ರತಿ ಸಲ ಮನೆಗೆ ಬಂದಾಗ ನಾನು ಕೇಳುತ್ತಿದ್ದೆ, ಈ ವರ್ಷವೂ ಅದೇ ಸಿಂಹಾಸನವಾ ಎಂದು. ಅವರು ಕೈ ತೊಳೆಯಲು ಹೋಗುತ್ತಿದ್ದರು.

ಆಸ್ಪತ್ರೆಯಲ್ಲಿ ಒಂದು ದಿನ ಸುಮ್ಮನೆ ಸೂರು ನೋಡುತ್ತಾ ಹೇಳಿದರು: “ಒಂದು ಸಲ ಮುಂದಿನ ಸಾಲಲ್ಲಿ ನಿಲ್ಲಬೇಕಿತ್ತು ಕಣೆ.”

ಅಷ್ಟೇ. ಆಮೇಲೆ ಔಷಧಿಯ ಮಾತಾಯಿತು.

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಈ ವರ್ಷದ ಪ್ರದರ್ಶನ ಹತ್ತಿರ ಬಂದಾಗ ನಾನು ಮಹಾಸಂಕಲ್ಪ ಮಾಡಿದೆ. ಮೀಸೆ ಬೋಳಿಸುವುದು. ಸರಿಯಾದ ಬಂಪರ್ ಹಾಕಿಸುವುದು. ಅವರ ಕಾರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿ, ಬಂದವರಿಗೆಲ್ಲ ಅವರ ವಿಷಯ ಹೇಳುವುದು.

ನಾದಿನಿಗೆ ಇದು ಹಿಡಿಸಲಿಲ್ಲ. “ಅಣ್ಣ ಇದ್ದಾಗ ಕಾರಿನ ಕಡೆ ಕಣ್ಣೆತ್ತಿ ನೋಡಲಿಲ್ಲ ನೀನು. ಈಗ ಶೃಂಗಾರ ಮಾಡ್ತೀಯಾ ಅತ್ತಿಗೆ?” ಎಂದಳು. ನಿಜವಾದ ಮಾತು. ಅದಕ್ಕೇ ನನಗೆ ಕೋಪ ಬಂತು.

ಕಾರನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕನಿಗೆ ನಮ್ಮವರು ಡಾಕ್ಟರು ಎಂದೇ ಹೆಸರಿಟ್ಟಿದ್ದರು. ಬಾನೆಟ್ಟಿಗೆ ಕಿವಿ ಕೊಟ್ಟೇ ರೋಗ ಹೇಳುವವನು. ಅವನೂ ಹಿಂದೆ ಮುಂದೆ ನೋಡಿದ. ಕೊನೆಗೆ ಎಲ್ಲೆಲ್ಲೋ ಹುಡುಕಿ ಅದೇ ಕಾರಿನ ಅಸಲಿ ಬಂಪರ್ ಎರಡು ತಂದ. ತಂದಾಗ ಅವು ಮನೆ ಕೆಡವಿದಾಗ ಸಿಗುವ ಕಿಟಕಿ ಸರಳಿನ ಹಾಗಿದ್ದವು. ತುಕ್ಕು ಉಜ್ಜಿಸಿ, ಕ್ರೋಮ್ ಹೊಡೆಸಿದ ಮೇಲೆ ನೋಡಿದರೆ ತಲೆ ಬಾಚಿಕೊಳ್ಳಬಹುದು, ಅಷ್ಟು ಹೊಳಪು.

ಹಾಕುವುದು ಸುಲಭವಿರಲಿಲ್ಲ. ಹಳೇ ಬೋಲ್ಟುಗಳು ತುಕ್ಕು ಹಿಡಿದು ಅಡಿಯ ಚೌಕಟ್ಟಿಗೆ ಅಂಟಿಕೊಂಡಿದ್ದವು. ಎರಡು ದಿನ ಎಣ್ಣೆ ಬಿಟ್ಟರೂ ಅಲ್ಲಾಡಲಿಲ್ಲ. ಡಾಕ್ಟರು ಕಾರಿನಡಿ ಮಲಗಿ ಬಡಿದ, ಬೈದ, ಕೊನೆಗೆ ಗರಗಸ ಹಾಕಿದ. ಕರೀ ಬಂಪರ್ ಕೆಳಗೆ ಬಿತ್ತು. ನಾನು ಬಗ್ಗಿ ಸೆರಗಿನಿಂದ ಅದರ ಧೂಳು ಒರೆಸಿದೆ. ಕೊಳಕು ಕಂಡರೆ ಒರೆಸುವ ಅಭ್ಯಾಸ, ಅದಕ್ಕಿರಬೇಕು ಎಂದುಕೊಂಡೆ.

ಹೊಸದರ ತೂತು ಹಳೇ ಕ್ಲಾಂಪಿಗೆ ಕೂಡಲಿಲ್ಲ. ಕ್ಲಾಂಪೂ ಹೊಸದಾಗಿ ಮಾಡಿಸಬೇಕಾಯಿತು. ಬಿಗಿದ ಮೇಲೆ ನಾನು ಮನೆಯಿಂದ ತಂದಿದ್ದ ತಟ್ಟೆಗೆ ನೀರು ಹಾಕಿ, ಮಟ್ಟ ಸರಿಯಿದೆಯೇ ಎಂದು ಬಂಪರಿನ ಮೇಲಿಟ್ಟು ನೋಡಿದೆ. ಮನೆಯಲ್ಲಿ ಹಲಗೆ ಹೊಡೆಸಿದರೂ ನಾನು ಹೀಗೇ ನೋಡುವುದು.

“ನೀರು ಎಡಕ್ಕೆ ಹೋಗ್ತಿದೆ,” ಎಂದೆ.

“ನೆಲಾನೇ ಎಡಕ್ಕಿದೆ ಅಕ್ಕಾ,” ಎಂದ ಡಾಕ್ಟರು.

“ನಿನ್ನ ಗ್ಯಾರೇಜಿನ ನೆಲ ನಂಗೆ ಬೇಡ. ಬಂಪರ್ ಬಿಚ್ಚು.”

ಮೂರು ಸಲ ಬಿಚ್ಚಿಸಿದೆ. ಮೂರನೇ ಸಲ ಅವನು ಸ್ಪಾನರ್ ನನ್ನ ಕೈಗೇ ಕೊಟ್ಟು ಟೀ ಕುಡಿಯಲು ಹೋದ.

ಪ್ರದರ್ಶನದ ದಿನ ಡಾಕ್ಟರೇ ಕಾರು ಓಡಿಸಿದ. ಮೈದಾನದ ಬಾಗಿಲಲ್ಲಿ ಒಬ್ಬರು ಬಗ್ಗಿ ಬಂಪರ್ ನೋಡಿದರು, ಹಿಂದೆ ಹೋಗಿ ಅದನ್ನೂ ನೋಡಿದರು, ಮುಂದಿನ ಸಾಲು ಎಂದರು. ನನ್ನ ಎದೆ ಉಬ್ಬಿತು. ವೈಪರಿನಡಿ ಮಾಲೀಕರ ಹೆಸರಿನ ಕಾರ್ಡು ಸಿಕ್ಕಿಸಿ, ನಿಯಮ ಹೇಳಿದರು: ತೀರ್ಪುಗಾರರು ಬಂದಾಗ ಮನೆಯವರು ಕಾರಿನ ಪಕ್ಕದಲ್ಲೇ ನಿಂತು ಅದರ ಕಥೆ ಹೇಳಬೇಕು. ಅರ್ಧ ಅಂಕ ಅದಕ್ಕೇ.

ಕಥೆಗೇನು, ಮೂವತ್ತೊಂದು ವರ್ಷದ್ದು ಇತ್ತು. ಡಾಕ್ಟರು ಇನ್ಯಾರದೋ ಸ್ಟಾರ್ಟ್ ಆಗದ ಕಾರಿಗೆ ಚಿಕಿತ್ಸೆ ಮಾಡಲು ಹೋದ. ನಾದಿನಿ ಮರದಡಿ ಕುರ್ಚಿ ಹಿಡಿದಳು. ನಾನು ಮಾತ್ರ ಒಂದು ನಿಮಿಷ ಹಿಂದಿನ ಸಾಲಿಗೆ ಹೋಗಿ ಬಂದೆ. ನಮ್ಮವರ ಜೊತೆ ಅಲ್ಲಿ ನಿಲ್ಲುತ್ತಿದ್ದವರಿಗೆ ಜಂಬ ತೋರಿಸಬೇಕಿತ್ತು. (ಇದನ್ನು ನಾದಿನಿ ಹೇಳಿರುವುದಿಲ್ಲ. ಅವಳಿಗೆ ಗೊತ್ತಿಲ್ಲ.)

ಬಂದು ನೋಡಿದೆ. ಬೆಣ್ಣೆಯ ಬಣ್ಣ, ದುಂಡು ಮುಖ, ಹೊಳೆಯುವ ಬಂಪರ್. ಪಕ್ಕದಲ್ಲಿ ನಿಂತೆ. ಕೈಚೀಲದಿಂದ ನಮ್ಮವರ ಹಳೇ ಬನಿಯನ್ ತೆಗೆದು ಒರೆಸಲು ಶುರು ಮಾಡಿದೆ.

ಟೋಪಿ ಹಾಕಿದ್ದ ಒಬ್ಬ ಹಿರಿಯರು ಹತ್ತಿರ ಬಂದು ನಿಂತರು. ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಕಥೆ ಹೇಳಿ ಅಭ್ಯಾಸವಾಗಲಿ ಎಂದು ಇವರಿಗೇ ಮೊದಲು ಹೇಳಿದೆ. ಮದುವೆಯಾದ ವಾರವೇ ಅವರು ನನ್ನನ್ನು ಇದರಲ್ಲಿ ಕೂರಿಸಿಕೊಂಡು ಹೋದದ್ದು, ದಾರಿಯಲ್ಲಿ ಕೆಟ್ಟದ್ದು, ನಾನು ತಳ್ಳಿದ್ದು, ಅವರು ಸ್ಟೇರಿಂಗ್ ಹಿಡಿದು ಇನ್ನೂ ಸ್ವಲ್ಪ ಜೋರಾಗಿ ಎಂದದ್ದು. ಹಾಗೇ ಹೇಳುತ್ತಾ ಆಸ್ಪತ್ರೆಯವರೆಗೂ ಬಂದೆ. ಏಳು ತಿಂಗಳಿಂದ ಯಾರ ಮುಂದೆಯೂ ಅತ್ತಿರಲಿಲ್ಲ. ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹಿರಿಯರು ಟೋಪಿ ತೆಗೆದರು. ನೀರು ತರುತ್ತೇನೆ ಎಂದು ಹೋದರು.

ಅದೇ ಹೊತ್ತಿಗೆ ತೀರ್ಪುಗಾರರು ಬಂದರು, ಕೈಯಲ್ಲಿ ಭೂತಗನ್ನಡಿ. ಬಂಪರ್ ನೋಡಿದರು, ನನ್ನ ಮುಖ ನೋಡಿದರು. ಮಾಲೀಕರು ಎಲ್ಲಿ ಎಂದರು. ಹೋಗಿ ಏಳು ತಿಂಗಳಾಯಿತು ಎಂದೆ. ಅವರ ಕಣ್ಣೂ ತೇವವಾಯಿತು. ಕಾರ್ಡಿನ ಮೇಲೆ ಏನೋ ಬರೆದು, ಕೈ ಮುಗಿದು ಮುಂದೆ ಹೋದರು.

ಸ್ವಲ್ಪ ಹೊತ್ತಿಗೆ ಮೈಕು ಕೂಗಿತು. ಚೆನ್ನಾಗಿ ಕಾಪಾಡಿದ ಕಾರಿನ ಬಹುಮಾನ ನಾನು ನಿಂತಿದ್ದ ಕಾರಿಗೇ. ಎಲ್ಲರೂ ಇತ್ತ ತಿರುಗಿದರು. ನಾದಿನಿ ಕುರ್ಚಿ ಬಿಟ್ಟು ಓಡಿ ಬಂದಳು. ಆಮೇಲೆ ದಿವಂಗತ ಎಂದು ಹೇಳಿ ಒಂದು ಹೆಸರು ಓದಿದರು. ನನ್ನ ಗಂಡನ ಹೆಸರಲ್ಲ. ಮೈಕಿನವನು ತಪ್ಪು ಓದಿದ ಎಂದುಕೊಂಡೆ. ಅಗಲಿದ ಮಾಲೀಕರಿಗಾಗಿ ಒಂದು ನಿಮಿಷ ಮೌನ ಆಚರಿಸಬೇಕು ಎಂದರು. ಮೈದಾನವೆಲ್ಲ ಎದ್ದು ನಿಂತಿತು. ನಾನು ನಿಂತೆ. ನೀರಿನ ಲೋಟ ಹಿಡಿದುಕೊಂಡು ಬಂದಿದ್ದ ಟೋಪಿಯ ಹಿರಿಯರೂ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತರು.

ನಿಮಿಷ ಮುಗಿಯಿತು. ಅವರು ಮೆಲ್ಲಗೆ ಹೇಳಿದರು: “ಅಮ್ಮಾ, ಅದು ನನ್ನ ಹೆಸರು.”

ನಾನು ಅವರನ್ನು ನೋಡಿದೆ. ಕಾರನ್ನು ನೋಡಿದೆ. “ಮತ್ತೆ ಈ ಕಾರು?”

“ಅದೂ ನಂದೇ.”

“ಮೊದಲೇ ಹೇಳಬಾರದಿತ್ತಾ?”

“ಹೇಳೋಣ ಅಂತಲೇ ಬಂದೆ. ನೀವು ಕಾರು ತಳ್ತಾ ಇದ್ರಿ. ಆಮೇಲೆ ಅಳ್ತಾ ಇದ್ರಿ. ಮಧ್ಯದಲ್ಲಿ ಹೇಗೆ ಹೇಳೋದು?” ಎಂದರು ಪುಣ್ಯಾತ್ಮರು. ನೀರಿನ ಲೋಟ ನನಗೆ ಕೊಡಲು ತಂದಿದ್ದರು. ಅವರೇ ಕುಡಿದರು.

ನಂಬರ್ ನೋಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಮನೆಯ ಬಾಗಿಲ ನಂಬರ್ ನೋಡಿಕೊಂಡು ಒಳಗೆ ಹೋಗುವವರು ಯಾರು? ಆ ಕಾರನ್ನು ನಾನು ಗುರುತು ಹಿಡಿಯುತ್ತಿದ್ದುದು ಕರೀ ಬಂಪರಿನಿಂದ. ಅದನ್ನು ನಾನೇ ಮುಂದೆ ನಿಂತು ಗರಗಸ ಹಾಕಿಸಿದ್ದೆ.

ನಾದಿನಿ ಸೊಂಟಕ್ಕೆ ಕೈಯಿಟ್ಟಳು. “ನಮ್ಮಣ್ಣ ಎಂದಾದರೂ ಮೀಸೆ ತೆಗೆದಿದ್ರೆ ಗತಿಯೇನು ಅತ್ತಿಗೆ? ಅವನನ್ನ ಬೀದಿಯಲ್ಲಿ ಬಿಟ್ಟು ಬೇರೆ ಯಾರನ್ನೋ ಮನೆಗೆ ಕರ್ಕೊಂಡು ಬರ್ತಿದ್ದೆ ನೀನು.”

ಸುತ್ತಲಿದ್ದವರು ನಕ್ಕರು. ಟೋಪಿಯವರೂ ನಕ್ಕರು. ಆಮೇಲೆ ತೀರ್ಪುಗಾರರು ಓಡಿ ಬಂದು, ಕಾರ್ಡಿನ ಮೇಲೆ ತಾವೇ ಬರೆದಿದ್ದ ದಿವಂಗತ ಎಂಬುದನ್ನು ಹೊಡೆದುಹಾಕಿ, ಜೀವಂತ ಮಾಲೀಕರ ಮುಂದೆ ರುಜು ಮಾಡಿದರು.

ನಮ್ಮ ಕಾರು ಎಲ್ಲಿ ಎಂದು ಹುಡುಕಿಕೊಂಡು ಹೋದೆವು. ಅದೇ ಸಾಲಿನಲ್ಲಿ ನಾಲ್ಕು ಕಾರು ಆಚೆಗೆ ನಿಂತಿತ್ತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಬಂಪರ್ ಮಾತ್ರ ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು, ತಟ್ಟೆ ಇಟ್ಟರೆ ನೀರು ಒಂದು ಹನಿಯೂ ಅತ್ತಿತ್ತ ಹೋಗದಷ್ಟು ನೆಟ್ಟಗೆ. ನಾದಿನಿ ವೈಪರಿನಡಿಯಿಂದ ಕಾರ್ಡು ಎಳೆದು, ದೂರ ಹಿಡಿದು, ಗಟ್ಟಿಯಾಗಿ ಓದಿದಳು:

“ಬಂಪರ್: ಸರಿಯಾಗಿದೆ. ಮಾಲೀಕರು: ಗೈರುಹಾಜರು.”

ನಡಿ, ಜಗಳ ತೆಗೆಯೋಣ ಎಂದಳು. ಏನೆಂದು ತೆಗೆಯಲಿ? ಆವತ್ತು ಆ ಮೈದಾನದಲ್ಲಿ ನನ್ನ ಗಂಡನ ವಿಷಯದಲ್ಲಿ ತಪ್ಪಿಲ್ಲದೆ ಮಾತಾಡಿದ್ದು ಆ ಕಾರ್ಡು ಒಂದೇ.