ಗೋಡೆಗೆ ಒಗ್ಗದ ಎರಡು ಒತ್ತು

ನನಗೆ ಜಂಬ ಸ್ವಲ್ಪ ಜಾಸ್ತಿ. ಇದು ಬೇರೆಯವರಿಂದ ನಿಮಗೆ ಗೊತ್ತಾಗುವ ಬದಲು ನಾನೇ ಹೇಳಿಬಿಡುವುದು ವಾಸಿ. ಮೂಡಲಪಾಳ್ಯದಲ್ಲಿ ನನ್ನದೊಂದು ರೇಡಿಯಂ ಅಂಗಡಿ ಇದೆ. ರೇಡಿಯಂ ಎಂದರೆ ವಿಜ್ಞಾನದ ಪುಸ್ತಕದಲ್ಲಿರುವುದಲ್ಲ; ಬೈಕಿಗೆ, ಆಟೋದ ಹಿಂಬದಿಗೆ, ಅಂಗಡಿಯ ಗಾಜಿಗೆ ಅಂಟಿಸುವ ಸ್ಟಿಕ್ಕರಿಗೆ ನಮ್ಮ ಕಡೆ ಇರುವ ಹೆಸರು. ನಾನು ಅಂಟಿಸಿದ್ದು ಬಿಟ್ಟುಕೊಂಡಿತು ಎಂದು ಇದುವರೆಗೆ ಯಾರೂ ವಾಪಸ್ ಬಂದಿಲ್ಲ. ಬಿಡುತ್ತಿಲ್ಲ ಎಂದು ಬಂದವರುಂಟು. ಆಟೋ ಮಾರಿದ ಒಬ್ಬರು ಅದರ ಮೇಲಿದ್ದ ಮಗಳ ಹೆಸರನ್ನು ಕೀಳಿಸಲು ಬಂದು, ಮಧ್ಯಾಹ್ನವೆಲ್ಲ ಸೀಮೆಎಣ್ಣೆ ಹಾಕಿ ಉಜ್ಜಿ, ಕೊನೆಗೆ "ಹೋಗ್ಲಿ ಬಿಡಮ್ಮ, ತಗೊಂಡೋನೂ ಅವನ ಮಗಳಿಗೆ ಅದೇ ಹೆಸರಿಡ್ಲಿ" ಎಂದು ಕೈ ಒರೆಸಿಕೊಂಡು ಹೋದರು. ಇಷ್ಟಾದ ಮೇಲೂ ಜಂಬ ಪಡದಿದ್ದರೆ ಅದು ಸುಳ್ಳು ವಿನಯವಾಗುತ್ತದೆ.

ಇಂಥ ನನ್ನ ಅಂಗಡಿಗೆ ಒಂದು ದಿನ ಸರೋಜಾ ಮಿಸ್ ಬಂದರು. ಐದನೇ ಕ್ಲಾಸಿನಲ್ಲಿ ನನಗೆ ಕನ್ನಡ ಕಲಿಸಿದವರು. ಕಲಿಸಲು ಹೆಣಗಿದವರು ಎಂದರೆ ಇನ್ನೂ ಸರಿ. ಒತ್ತಕ್ಷರಕ್ಕೂ ನನಗೂ ಆಗ ಎಣ್ಣೆ ಸೀಗೇಕಾಯಿ. ನಾನು ಬರೆದ ಕತ್ತೆ ಕತೆಯಾಗುತ್ತಿತ್ತು, ಹಳ್ಳಿ ಹೋಗಿ ಹಳಿಯಾಗುತ್ತಿತ್ತು. "ಒತ್ತು ಅಂದ್ರೆ ಅಕ್ಷರದ ಕಾಲು ಕಣೇ! ದಿನಕ್ಕೆ ಎಷ್ಟು ಕಾಲು ಮುರೀತೀಯೇ?" ಎಂದು ಇಡೀ ಕ್ಲಾಸಿನ ಮುಂದೆ ಕೇಳುತ್ತಿದ್ದರು. ಈಗ ತಲೆ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. "ಭಾಗ್ಯ ಅಲ್ವೇನೇ? ಹೇರೋಹಳ್ಳೀಲಿ ಮನೆ ಕಟ್ಸಿದೀವಿ ಕಣೇ. ಹಾಲ್ ಗೋಡೆ ಮೇಲೆ ನಾನೇ ಬರೆದಿರೋ ಒಂದು ಸಾಲು ಹಾಕ್ಕೊಡ್ತೀಯಾ? ಗೃಹಪ್ರವೇಶಕ್ಕೆ ಇನ್ನು ಒಂಬತ್ತೇ ದಿನ" ಎಂದು ಚೀಟಿ ಕೊಟ್ಟರು. 'ಈ ಮನೆಯಲ್ಲಿ ನಗು ತುಂಬುತ್ತಿರಲಿ' ಎಂದಿತ್ತು. ನನ್ನ ಕಣ್ಣು ಮೊದಲು ಹೋದದ್ದು ಒತ್ತಿನ ಮೇಲೆ. 'ಮನೆಯಲ್ಲಿ'ಯಲ್ಲಿ ಒಂದು, 'ತುಂಬುತ್ತಿರಲಿ'ಯಲ್ಲಿ ಒಂದು, ಒಟ್ಟು ಎರಡು. ಆ ಎರಡನ್ನೂ ಮಿಸ್ಸಿನ ಗೋಡೆಯ ಮೇಲೆ ಭದ್ರವಾಗಿ ಕೂರಿಸಿ, ಐದನೇ ಕ್ಲಾಸಿನಲ್ಲಿ ಕಳೆದುಕೊಂಡ ಮಾನವನ್ನು ವಾಪಸ್ ಪಡೆಯಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಗೋಡೆ ನೋಡಿದ ಮೇಲೆ ಎದೆ ಧಸಕ್ಕೆಂದಿತು. ಟೆಕ್ಸ್ಚರ್ ಪೇಂಟ್! ಹಿಂದೆಲ್ಲ ಗಾರೆಯವನು ಗೋಡೆಯನ್ನು ಉಬ್ಬುತಗ್ಗಾಗಿ ಬಿಟ್ಟರೆ ಬೈದು ಮತ್ತೆ ತೀಡಿಸುತ್ತಿದ್ದರು. ಈಗ ಅದನ್ನೇ ಬೇಡಿಕೊಂಡು ಮಾಡಿಸುತ್ತಾರೆ. ಸ್ಟಿಕ್ಕರ್ ನಿಲ್ಲಬೇಕಾದರೆ ಅದರ ಬೆನ್ನು ಪೂರ್ತಿ ಗೋಡೆಗೆ ತಾಗಬೇಕು. ಇಂಥ ಗೋಡೆಯಲ್ಲಿ ಉಬ್ಬಿನ ತುದಿಗಷ್ಟೇ ತಾಗಿ, ತಗ್ಗಿನ ಮೇಲೆಲ್ಲ ಗಾಳಿಯಲ್ಲಿ ನಿಂತಿರುತ್ತದೆ. ಸಾಲದ್ದಕ್ಕೆ ಪೇಂಟ್ ಹೊಸದು, ಒಳಗಿನವರೆಗೆ ಆರಲು ಇನ್ನೂ ವಾರಗಟ್ಟಲೆ ಬೇಕು. ಆದರೂ ನನ್ನ ಕೈಯ ಮೇಲೆ ನನಗೆ ನಂಬಿಕೆ. ಆಟೋಗೆ ಹಾಕುವ ದಪ್ಪ ರೇಡಿಯಂನಲ್ಲೇ ಕತ್ತರಿಸಿ ಅಂಟಿಸಿ ಬಂದೆ. ಮಾರನೆಯ ದಿನ ಹೋಗಿ ನೋಡಿದರೆ ಇಡೀ ಸಾಲು ಕರಿದ ಹಪ್ಪಳದ ಹಾಗೆ ಸುರುಟಿಕೊಂಡು ನೆಲದ ಮೇಲಿತ್ತು. ನಮ್ಮ ಯಜಮಾನರು ಆಟೋ ಓಡಿಸುವವರು. ವಿಷಯ ಕೇಳಿ, "ಓಡೋ ಆಟೋ ಮೇಲೆ ನಿಲ್ಲಿಸ್ತೀಯ, ನಿಂತಿರೋ ಗೋಡೆ ಮೇಲೆ ನಿಲ್ಲಿಸಕ್ಕಾಗಲ್ವೇನೇ?" ಎಂದರು. ಅವತ್ತು ಅವರಿಗೆ ಸಾರಿನಲ್ಲಿ ಉಪ್ಪು ಕಡಿಮೆಯಾಯಿತು.

ಆಮೇಲೆ ನಾನು ಮಾಡಿದ ಸಾಹಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಧೂಳಿನ ಕಣವೂ ಇಲ್ಲದ ಹಾಗೆ ಮಾಡಿ, ನಾಲ್ಕು ದಿನ ಕಿಟಕಿ ತೆರೆದು ಒಣಗಲು ಬಿಟ್ಟೆ. ಹುಡುಕಿ ಹುಡುಕಿ ತೆಳ್ಳಗಿನ, ಮೆತ್ತನೆಯ ವಿನೈಲ್ ಸ್ಟಿಕ್ಕರ್ ಹಾಳೆ ತಂದೆ. ಮುಹೂರ್ತದ ಹಿಂದಿನ ದಿನ ಒಂದೊಂದೇ ಅಕ್ಷರ ಇಟ್ಟು, ಬಿಸಿಗಾಳಿಯ ಗನ್ನು ಹಿಡಿದು, ಅದು ಮೆತ್ತಗಾಗುತ್ತಿದ್ದಂತೆ ಸ್ಪಂಜಿನಿಂದ ಒತ್ತಿ ಒತ್ತಿ ಗೋಡೆಯ ಪ್ರತಿ ತಗ್ಗಿಗೂ ಇಳಿಸಿದೆ. ಸಂಜೆ ಹೊತ್ತಿಗೆ ಬೆರಳು ಬೊಬ್ಬೆ ಎದ್ದಿತ್ತು. ಅಕ್ಷರಗಳು ಗೋಡೆಯಲ್ಲೇ ಹುಟ್ಟಿದ ಹಾಗೆ ಕೂತಿದ್ದವು. ನಿಂತು ನೋಡಿದೆ, ಕೂತು ನೋಡಿದೆ, ಬಾಗಿಲಾಚೆ ಹೋಗಿ ಯಾರೋ ನೆಂಟರ ಹಾಗೆ ಒಳಗೆ ಬಂದೂ ನೋಡಿದೆ. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಯಜಮಾನರನ್ನೂ ಹೊರಡಿಸಿಕೊಂಡು ಹೋದೆ. ಹೇರೋಹಳ್ಳಿಯ ಹಳ್ಳಗಳನ್ನೆಲ್ಲ ದಾಟಿ ತಲುಪುವಷ್ಟರಲ್ಲಿ ಹೋಮ ಮುಗಿಯುತ್ತಾ ಬಂದಿತ್ತು. ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಗೋಡೆ ನೋಡಿದೆ. 'ಈ ಮನೆಯಲಿ ನಗು ತುಂಬುತಿರಲಿ.' ಹೋಮದ ಬಿಸಿಗೋ ಹೊಗೆಗೋ, ಎರಡು ಒತ್ತೂ ಮಾಯ! ದೊಡ್ಡ ಅಕ್ಷರಗಳು ಹತ್ತು ಉಬ್ಬುಗಳನ್ನು ತಬ್ಬಿಕೊಂಡು ನಿಂತಿದ್ದವು. ಒತ್ತಿಗೆ ಪಾಪ ಸಿಕ್ಕಿದ್ದು ಒಂದೋ ಎರಡೋ. 'ತುಂಬು'ವಿನ ಸೊನ್ನೆ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಿರಲಿಲ್ಲ. ಸೊನ್ನೆ ನನ್ನನ್ನು ಸ್ಕೂಲಿನಿಂದಲೂ ಕೈಬಿಟ್ಟಿಲ್ಲ. ಗೋಡೆಯ ಬುಡದಲ್ಲಿ ಹುಡುಕಿದಾಗ ಒಂದು ಒತ್ತು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತೆ. ಮಿಸ್ಸಿನ ಜೊತೆ ಪಾಠ ಮಾಡಿದ ಟೀಚರುಗಳೇ ಒಂದು ಡಜನ್ ಕೂತಿದ್ದರು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅಷ್ಟರಲ್ಲಿ ಮಿಸ್ ಗೋಡೆಯ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡರು. ಒಂದು ಸಲ ಓದಿದರು. ಇನ್ನೊಂದು ಸಲ ಬೆರಳು ಮಡಚುತ್ತಾ ಓದಿದರು. "ಮಾತ್ರೆ! ಮಾತ್ರೆ ನೋಡ್ರೇ!" ಎಂದು ಕೂಗಿದರು. ಅವರ ನಾದಿನಿ ಬಿ.ಪಿ. ಮಾತ್ರೆ ಎಂದುಕೊಂಡು ನೀರು ತರಲು ಓಡಿದರು. "ಅಯ್ಯೋ ಆ ಮಾತ್ರೆ ಅಲ್ಲ ಕಣೇ, ಛಂದಸ್ಸಿಂದು! ಈ ಮನೆ, ಯಲಿ ನಗು, ತುಂಬುತಿ... ನಾಲ್ಕು ನಾಲ್ಕು ನಾಲ್ಕು! ನಾನು ಬರ್ದಿದ್ದು ಕುಂಟ್ತಾ ಇತ್ತು. ಒತ್ತು ತೆಗೆದು ಹಾಡು ಮಾಡಿದಾಳೆ ನೋಡಿ, ನನ್ನ ಶಿಷ್ಯೆ!" ಎಂದು ನನ್ನನ್ನು ಮುಂದಕ್ಕೆಳೆದರು. ಡಜನ್ ಟೀಚರುಗಳೂ ಚಪ್ಪಾಳೆ ತಟ್ಟಿದರು. ಒಬ್ಬರು "ಬೇಕಂತಲೇ ತೆಗೆದ್ಯೇನಮ್ಮಾ?" ಎಂದು ಕೇಳಿದರು. ಮುಷ್ಟಿಯೊಳಗಿನ ಒತ್ತು ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು. "ಹೂಂ ಮೇಡಂ, ಓದ್ದಾಗ ಯಾಕೋ ಭಾರ ಅನ್ನಿಸ್ತು" ಎಂದುಬಿಟ್ಟೆ. ಹಿಂದೆ ನಿಂತಿದ್ದ ಯಜಮಾನರಿಗೆ ಕೆಮ್ಮು ಬಂತು. ನಿಜ ಹೇಳುತ್ತೇನೆ, ನನ್ನ ಜನ್ಮದಲ್ಲಿ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಊಟವಾದ ಮೇಲೆ ತಾಂಬೂಲ ಕೊಡಲು ಮಿಸ್ ನನ್ನನ್ನು ದೇವರ ಮನೆಗೆ ಕರೆದರು. ಬಾಗಿಲು ಅರ್ಧ ಮುಚ್ಚಿ, "ನಿಜ ಹೇಳೇ, ತೆಗೆದಿದ್ದಾ ಬಿದ್ದಿದ್ದಾ?" ಎಂದರು. ಆ ದನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಬಿತ್ತು ಮಿಸ್" ಎಂದೆ.

"ಗೊತ್ತು. ಇನ್ನೊಂದನ್ನ ಪುರೋಹಿತರ ಶಲ್ಯದ ಮೇಲಿಂದ ನಾನೇ ಕಿತ್ತೆ."

"ಮತ್ತೆ ಎಲ್ಲರ ಮುಂದೆ ಹಾಗೆ..."

"ಮಾತ್ರೆ ಸರಿಹೋಗಿದ್ದೇನು ಸುಳ್ಳಾ? ನೀನು ಒತ್ತು ಬಿಟ್ಟಿದ್ದು ಒಂದ್ಸಲನಾದ್ರೂ ಸರಿ ಇರ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ ಕಣೇ" ಎಂದು ನನ್ನ ಕೆನ್ನೆ ತಟ್ಟಿದರು. ನನಗೆ ಅಳು ಬಂದುಬಿಟ್ಟಿತು. ಹೋಮದ ಹೊಗೆ ಎಂದು ಹೇಳಿ ತಪ್ಪಿಸಿಕೊಂಡೆ.

ಆ ಗೋಡೆಯ ಫೋಟೋ ಈಗ ನನ್ನ ಅಂಗಡಿಯಲ್ಲಿ ತೂಗುತ್ತಿದೆ. ಬಂದವರಿಗೆಲ್ಲ, ಛಂದಸ್ಸಿಗಾಗಿ ನಾನೇ ಒತ್ತು ತೆಗೆದೆ ಎಂದೇ ಹೇಳುತ್ತೇನೆ. ನಿಜ ಹೇಳಬೇಕಾದವರಿಗೆ ಹೇಳಿ ಆಗಿದೆಯಲ್ಲ, ಸಾಕು. ಈಗ ಮಾತಿನ ಭರದಲ್ಲಿ ನಿಮಗೂ ಹೇಳಿಬಿಟ್ಟೆ. ನೀವು ಮೂಡಲಪಾಳ್ಯದ ಕಡೆಯವರಲ್ಲ ತಾನೇ?